ನಿಂಗೇನಾಗಿದೆ?

ಆಘಾತಕ್ಕೊಳಗಾದ ಮಕ್ಕಳೊಡನೆ ಶಾಲೆಯವರು ಹೇಗೆ ನಡೆದುಕೊಳ್ಳಬೇಕೆಂದು ಕಲಿಸುವ ತರಬೇತಿಗಳಲ್ಲಿ ಇಂಗ್ಲಿಷಿನಿಂದ ಬಂದ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ. ಮಗು ಗಲಾಟೆ ಮಾಡಿದಾಗ ಅದರಲ್ಲೇನು ದೋಷವಿದೆ ಎಂದು ಕೇಳಬೇಡಿ, ಅದರ ಬದುಕಿನಲ್ಲಿ ಏನು ನಡೆಯಿತು ಎಂದು ಕೇಳಿ ಎನ್ನುವುದು ಅದರ ಸಾರ. ಇದನ್ನು ಆಡುಗನ್ನಡಕ್ಕೆ ತರಲು ಹೋದರೆ ತಮಾಷೆಯಾಗುತ್ತದೆ. ನಮ್ಮಲ್ಲಿ ಎರಡಕ್ಕೂ ಇರುವುದು ಒಂದೇ ಪ್ರಶ್ನೆ: ‘ನಿಂಗೇನಾಗಿದೆ?’ ಹೋಂವರ್ಕ್ ಮಾಡದ ಹುಡುಗನನ್ನು ಮೇಷ್ಟ್ರು ಗದರುವುದೂ ಹೀಗೇ, ಜ್ವರ ಬಂದ ಮೊಮ್ಮಗಳ ಹಣೆ ಮುಟ್ಟಿ ಅಜ್ಜಿ ಕೇಳುವುದೂ ಹೀಗೇ. ದನಿಯೊಂದೇ ಬೇರೆ. ಹಾಗಾಗಿ ಕನ್ನಡದಲ್ಲಿ ತರಬೇತಿ ಕೊಡುವವರಿಗೆ ಕೆಲಸ ಹೆಚ್ಚು. ಹೊಸ ವಾಕ್ಯವೊಂದನ್ನು ಬಾಯಿಪಾಠ ಮಾಡಿಸಿ ಅವರು ಮನೆಗೆ ಹೋಗುವಂತಿಲ್ಲ.

ಈ ಚಿಂತನೆಗೆ ದೊಡ್ಡ ಬಲ ಸಿಕ್ಕಿದ್ದು 1998ರಲ್ಲಿ. ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಸಾವಿರಾರು ವಯಸ್ಕರನ್ನು ಬಾಲ್ಯದ ಬಗ್ಗೆ ಕೇಳಿದರು. ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹಿಂಸೆ, ಕುಡಿತ ಇಂಥ ಅನುಭವಗಳ ಸಂಖ್ಯೆ ಏರಿದಂತೆಲ್ಲ ಮುಂದೆ ಹೃದ್ರೋಗ, ಖಿನ್ನತೆ, ವ್ಯಸನದ ಸಾಧ್ಯತೆಯೂ ಏರುವುದು ಕಂಡಿತು. ಆದರೆ ಎಣಿಕೆ ಇರುವ ಕಡೆ ಅಂಕ ಕೊಡುವ ಚಪಲವೂ ಇರುತ್ತದಲ್ಲ. ಈ ಲೆಕ್ಕವನ್ನು ಒಬ್ಬೊಬ್ಬರ ಭವಿಷ್ಯ ಅಳೆಯುವ ಕೋಲಾಗಿ ಬಳಸಬಾರದೆಂದು 2020ರಲ್ಲಿ ಸ್ವತಃ ಆಂಡಾ ಮತ್ತು ಜೊತೆಗಾರರು ಎಚ್ಚರಿಸಬೇಕಾಯಿತು.

ನನ್ನನ್ನು ಕಾಡುವ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ಮಗುವಿನ ಗಾಯ ಏನೆಂದು ಮೇಷ್ಟ್ರಿಗೆ ಗೊತ್ತಿರಲೇಬೇಕೆ? ಗೊತ್ತಾದದ್ದು ಸ್ಟಾಫ್ ರೂಮಿನ ಚಹಾದ ಹೊತ್ತಿಗೆ ‘ಪಾಪ, ಅವಳ ಮನೇಲಿ ಹಾಗಂತೆ’ ಎಂದಾಗುತ್ತದೆ. ಕನಿಕರಕ್ಕೂ ಪಾತಕಕ್ಕೂ ನಾವು ಒಂದೇ ಪದ ಇಟ್ಟುಕೊಂಡಿರುವುದು ಸುಮ್ಮನೆ ಇರಲಾರದು. ಮಾರನೆಯ ದಿನದಿಂದ ಆ ಹುಡುಗಿಗೆ ಗಣಿತ ಬಾರದಿದ್ದರೂ ‘ಪಾಪ’, ಅವಳು ಜಗಳವಾಡಿದರೂ ‘ಪಾಪ’. ಅವಳಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ. ಇದೂ ಒಂದು ಬಗೆಯ ಕೈಬಿಡುವಿಕೆಯೇ.

ಸಂಶೋಧನೆಗಾಗಿ ತಿರುಗಾಡುವಾಗ ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವರೊಬ್ಬರು ಹೇಳಿದ್ದು ನೆನಪಿದೆ. ಸೋಮವಾರ ಕೆಲವು ಮಕ್ಕಳು ಎರಡು ಸಲ, ಮೂರು ಸಲ ತಟ್ಟೆ ಹಿಡಿದು ಬರುತ್ತಾರಂತೆ. ‘ಭಾನುವಾರ ಏನಾಯ್ತು ಅಂತ ನಾನು ಕೇಳಲ್ಲಪ್ಪ, ಬಡಿಸ್ತೀನಿ’ ಎಂದರು. ಅವರನ್ನು ಯಾವ ತರಬೇತಿಗೂ ಕರೆದಿರಲಿಲ್ಲ. ಮಗುವಿನ ಕಥೆ ಕೇಳದೆಯೂ ಅದರ ಪಾಲಿಗೆ ಸುರಕ್ಷಿತ ವ್ಯಕ್ತಿಯಾಗಿರಬಹುದು ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಕೇಳದೇ ಇದ್ದರೂ ಮಗು ತಾನೇ ಬಂದು ಹೇಳಿದರೆ? ಅದೂ ‘ಯಾರಿಗೂ ಹೇಳ್ಬೇಡಿ ಮಿಸ್’ ಎಂದು ಮೊದಲೇ ಮಾತು ತೆಗೆದುಕೊಂಡರೆ? ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ ತರಬೇತಿಯಲ್ಲಿ ಒಬ್ಬ ಶಿಕ್ಷಕಿ ಇದನ್ನು ಕೇಳಿದರು. ಸಂಪನ್ಮೂಲ ವ್ಯಕ್ತಿ ಕಾನೂನು ಹೇಳಿದರು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಲೈಂಗಿಕ ದೌರ್ಜನ್ಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲಾಗಬಹುದು. ಉತ್ತರ ಸರಿಯೇ. ಆದರೆ ಆ ಶಿಕ್ಷಕಿ ಕೇಳಿದ್ದು ಜೈಲಿನ ವಿಚಾರವನ್ನಲ್ಲ, ಕೊಟ್ಟ ಮಾತಿನ ವಿಚಾರವನ್ನು.

ಮಗುವಿಗೆ ‘ಯಾರಿಗೂ ಹೇಳಬೇಡ’ ಎಂದು ಮೊದಲು ಕಲಿಸುವವನು ಎಷ್ಟೋ ಸಲ ದೌರ್ಜನ್ಯ ಎಸಗಿದವನೇ. ಮಿಸ್ ಕೂಡ ಅದೇ ಗುಟ್ಟಿನ ಕರಾರಿಗೆ ಒಪ್ಪಿದರೆ ಅವನು ಹಾಕಿದ ಬೀಗವನ್ನೇ ಕಾಯ್ದಂತೆ. ಒಪ್ಪಿ ಆಮೇಲೆ ಮುರಿದರೆ, ನಂಬಿದ ದೊಡ್ಡವರು ಮೋಸ ಮಾಡುತ್ತಾರೆಂಬ ಹಳೆಯ ಪಾಠ ಇನ್ನೊಮ್ಮೆ ಆದಂತೆ. ಆದ್ದರಿಂದ ಆ ಮಾತು ಕೊಡಬಾರದು ಎನ್ನುವುದು ನನ್ನ ನಿಲುವು. ‘ನೀನು ಹೇಳೋದರಲ್ಲಿ ನಿನಗೆ ಅಪಾಯ ಇದೆ ಅನ್ನಿಸಿದ್ರೆ ನಾನು ಇನ್ನೊಬ್ಬರಿಗೆ ಹೇಳಬೇಕಾಗುತ್ತೆ, ಯಾರಿಗೆ ಅಂತ ಮೊದಲು ನಿನಗೇ ಹೇಳ್ತೀನಿ’ ಎಂದು ಮುಂಚೆಯೇ ತಿಳಿಸಬೇಕು.

ಹಾಗಂದರೆ ಮಗು ಬಾಯಿ ಮುಚ್ಚಿಕೊಂಡು ಹೋಗಿಬಿಡುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಕೆಲವರು ಹೋಗುತ್ತಾರೆ, ಮನೆಯಲ್ಲಿ ಹಿಂಸೆ ಮುಂದುವರಿಯುತ್ತದೆ. ಸುಳ್ಳು ಭರವಸೆಯಿಂದ ಒಂದು ಮಗುವಾದರೂ ಪಾರಾಗುವುದಾದರೆ ನಿಮ್ಮ ಪ್ರಾಮಾಣಿಕತೆಯನ್ನು ಏನು ಮಾಡೋಣ ಎಂದು ಗೆಳೆಯನೊಬ್ಬ ನನ್ನನ್ನು ಕೇಳಿದ್ದಾನೆ. ನನ್ನ ಉತ್ತರ ಅರ್ಧವೇ. ದೂರು ಕೊಟ್ಟ ದಿನಕ್ಕೆ ಪಾರಾಗುವುದು ಮುಗಿಯುವುದಿಲ್ಲ. ಹೇಳಿಕೆ, ವೈದ್ಯಕೀಯ ಪರೀಕ್ಷೆ, ಕೋರ್ಟು, ಬಂಧುಗಳ ಒತ್ತಡ ಇವುಗಳ ನಡುವೆ ಮಗುವಿಗೆ ಆತುಕೊಳ್ಳಲು ಒಬ್ಬರು ಬೇಕು. ಸುಳ್ಳು ಹೇಳಿದ ಮಿಸ್ ಆ ಜಾಗವನ್ನು ಮೊದಲ ದಿನವೇ ಕಳೆದುಕೊಂಡಿರುತ್ತಾರೆ. ಸುಮ್ಮನೆ ಹಿಂದಿರುಗಿದ ಮಗುವಾದರೆ ಅವರನ್ನು ಗಮನಿಸುತ್ತಿರುತ್ತದೆ, ಇನ್ನೊಂದು ದಿನ ಬರಬಹುದು. ಬರದೆಯೂ ಇರಬಹುದು.

ದೂರಾದ ಮೇಲೆ ಮಗು ಅದೇ ತರಗತಿಗೆ, ಅದೇ ಬೆಂಚಿಗೆ ಬರುತ್ತದೆ. ಪಕ್ಕದಲ್ಲಿ ಕೂತವರಿಗೆ ಅಷ್ಟಿಷ್ಟು ಗೊತ್ತಾಗಿರುತ್ತದೆ. ಆಗ ಹಾಜರಿ ಕೂಗುವ ದನಿ ಹೇಗಿರಬೇಕು, ಹೋಂವರ್ಕ್ ಕೇಳಬೇಕೋ ಬೇಡವೋ (ಕೇಳಬೇಕು ಎನ್ನುತ್ತೇನೆ ನಾನು), ಇದನ್ನೆಲ್ಲ ಆ ತರಬೇತಿ ಊಟದ ನಂತರದ ಅರ್ಧ ಗಂಟೆಯಲ್ಲಿ ಮುಗಿಸಿತು.