ಏಲಿಯ ಕುರ್ಚಿ



ಶೀಲೋ ಎಂಬ ಊರಿನ ದೇವಾಲಯದ ಬಾಗಿಲ ಬಳಿ ಒಂದು ಕುರ್ಚಿ ಇತ್ತು. ಅದರ ಮೇಲೆ ಕೂರುತ್ತಿದ್ದವನು ಯಾಜಕ ಏಲಿ. ಸಮುವೇಲನ ಮೊದಲನೆಯ ಗ್ರಂಥವನ್ನು ತೆರೆದು ಓದಿ ನೋಡಿ. ಏಲಿ ನಮಗೆ ಮೊದಲು ಕಾಣಿಸುವುದು ಆ ಬಾಗಿಲ ಬಳಿಯ ಕುರ್ಚಿಯ ಮೇಲೆ. ಕೊನೆಗೆ 98 ವರ್ಷದ ಮುದುಕನಾಗಿ ಅವನು ಬಿದ್ದು ಸತ್ತದ್ದೂ ಕುರ್ಚಿಯಿಂದಲೇ. ಈ ಎರಡರ ನಡುವೆ ನಡೆದದ್ದೇ ಇಂದು ನಾವು ಧ್ಯಾನಿಸಬೇಕಾದ ಸಂಗತಿ.

ಏಲಿ ಕೆಟ್ಟ ಮನುಷ್ಯನಾಗಿರಲಿಲ್ಲ. ದೇವರಿಗೆ ಹೆದರುವವನು, ಊರಿಗೆ ಹಿರಿಯ. ಆದರೆ ಅವನ ಇಬ್ಬರು ಮಕ್ಕಳು ದೇವಾಲಯದಲ್ಲೇ ಯಾಜಕರಾಗಿದ್ದು ಬಲಿಗೆ ಬಂದವರನ್ನು ಹೆದರಿಸಿ ಮಾಂಸ ಕಸಿಯುತ್ತಿದ್ದರು. ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಹೆಂಗಸರನ್ನು ಕೆಡಿಸುತ್ತಿದ್ದರು. ಈ ಮಾತು ಏಲಿಯ ಕಿವಿಗೆ ಬೀಳಲಿಲ್ಲವೇ? ಬಿತ್ತು. ಊರ ಜನರೆಲ್ಲ ಹೇಳಿದರು. ಅವನು ಮಕ್ಕಳನ್ನು ಕರೆದು ಬುದ್ಧಿ ಹೇಳಿದ, ಬೈದ. ಅಷ್ಟಕ್ಕೇ ಬಿಟ್ಟ. ಅವರನ್ನು ಆ ಸ್ಥಾನದಿಂದ ಇಳಿಸಲಿಲ್ಲ, ತಡೆಯಲಿಲ್ಲ. ದೇವರು ಏಲಿಯ ಮೇಲೆ ಹೊರಿಸಿದ ತಪ್ಪು ಇದು: ಗೊತ್ತಿದ್ದೂ ತಡೆಯಲಿಲ್ಲ.

ಇನ್ನೊಂದು ವಿಚಾರ ಗಮನಿಸಿ. ಈ ತೀರ್ಪನ್ನು ಏಲಿಗೆ ತಿಳಿಸಲು ದೇವರು ಆರಿಸಿಕೊಂಡದ್ದು ಒಂದು ಮಗುವನ್ನು. ರಾತ್ರಿ ದೇವರ ದನಿ ಕೇಳಿದ ಬಾಲಕ ಸಮುವೇಲ ಬೆಳಗಿನ ತನಕ ಮಲಗಿಯೇ ಇದ್ದ. ಬೆಳಗಾದ ಮೇಲೆ ಎದ್ದು ದೇವಾಲಯದ ಬಾಗಿಲು ತೆರೆದ. ಆದರೆ ಬಾಯಿ ತೆರೆಯಲು ಹೆದರಿದ. ಹಿರಿಯರ ಮನೆಯೊಳಗಿನ ತಪ್ಪನ್ನು ಹಿರಿಯರಿಗೇ ಹೇಳುವುದು ಮಗುವಿಗೆ ಅಷ್ಟು ಕಷ್ಟ.

ಪ್ರಿಯರೇ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲೂ ಅಂತಹ ಕುರ್ಚಿಗಳಿವೆ. ಪ್ರತಿಯೊಂದು ಸರ್ಕಾರಿ ಶಾಲೆಯಲ್ಲೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ನಾವು ದಿನನಿತ್ಯ ಹೇಳುವ ಎಸ್.ಡಿ.ಎಂ.ಸಿ. ಇದೆ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ರಾಜ್ಯ ಸರ್ಕಾರ ಇದನ್ನು ಜಾರಿಗೆ ತಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಬಂದ ಮೇಲೆ ಇಂತಹ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆತಾಯಿಯರೇ ಇರಬೇಕು, ಅರ್ಧದಷ್ಟು ಸ್ಥಾನ ಹೆಂಗಸರಿಗೆ ಇರಬೇಕು ಎಂದಾಯಿತು. ನಮ್ಮ ಧರ್ಮಕೇಂದ್ರಗಳ ತಂದೆತಾಯಿಯರಿಗೂ ಈ ಸ್ಥಾನ ಬರಬಹುದು. ಬಂದಾಗ ಅದನ್ನು ಏನೆಂದು ತಿಳಿದು ಕೂರುತ್ತೇವೆ?

ಸಮಿತಿಯ ಸಭೆಯಲ್ಲಿ ಸಾಮಾನ್ಯವಾಗಿ ಏನು ಚರ್ಚೆಯಾಗುತ್ತದೆ? ಕೋಣೆಗೆ ಬಣ್ಣ, ಕಾಂಪೌಂಡು, ಬಿಸಿಯೂಟದ ಬೇಳೆ, ಆಗಸ್ಟ್ 15ರ ಪೆಂಡಾಲು. ಇವೆಲ್ಲ ಬೇಕು, ಬೇಡ ಎನ್ನುವುದಿಲ್ಲ. ಆದರೆ ಸಮಿತಿಯ ಹೆಸರಿನಲ್ಲೇ ಇರುವ 'ಮೇಲುಸ್ತುವಾರಿ' ಎಂಬ ಮಾತು ಗೋಡೆಯ ಮೇಲಲ್ಲ, ಮೊದಲು ಮಗುವಿನ ಮೇಲೆ ಇರಬೇಕು.

ನಮ್ಮ ಈ ಭಾಗದ ಬದುಕನ್ನು ನೆನೆಯಿರಿ. ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡಿದವೆಂದರೆ ಅಪ್ಪ ಅವ್ವ ಇಬ್ಬರೂ ನಸುಕಿನಲ್ಲೇ ಕಟಾವಿಗೆ ಹೊರಡುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದರೆ ಪುಣ್ಯ, ಇಲ್ಲವಾದರೆ ಹತ್ತು ವರ್ಷದ ಅಕ್ಕನೇ ತಮ್ಮನಿಗೆ ತಾಯಿ. ಹೈಸ್ಕೂಲು ಪಕ್ಕದ ಊರಲ್ಲಿದ್ದರೆ ಆಳೆತ್ತರದ ಕಬ್ಬಿನ ನಡುವಿನ ದಾರಿಯಲ್ಲಿ ಹುಡುಗಿಯರು ನಡೆದು ಬರಬೇಕು. ಹಗಲಿಡೀ ಆ ಮಗುವಿಗೆ ದೊಡ್ಡವರು ಯಾರು? ಶಾಲೆಯೇ. ಕೇಡು ನಡೆದದ್ದು ದಾರಿಯಲ್ಲಾಗಲಿ, ನೆರೆಮನೆಯಲ್ಲಾಗಲಿ, ಸ್ವಂತ ಮನೆಯಲ್ಲೇ ಆಗಲಿ, ಮಗುವಿನ ಮುಖ ಬಾಡಿದ್ದು ಮೊದಲು ಕಾಣುವುದು ಶಾಲೆಯಲ್ಲಿ.

ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಏಳನೆಯ ಇಯತ್ತೆಯ ಒಬ್ಬ ಹುಡುಗಿ ಒಂದು ದಿನ ಅಜ್ಜಿಗೆ, "ಯಮ್ಮಾ, ನಾ ಸಾಲಿಗಿ ಹೋಗಾಂಗಿಲ್ಲ, ಹೊಟ್ಟಿ ನೋಯಾಕತ್ತೇತಿ" ಅನ್ನುತ್ತಾಳೆ. ಮರುದಿನವೂ ಅದೇ ಮಾತು. ಅಜ್ಜಿ ಕಷಾಯ ಕುಡಿಸುತ್ತಾಳೆ. ಎಂಟು ದಿನ ಕಳೆದ ಮೇಲೆ ಮಾತು ಹೊರಬೀಳುತ್ತದೆ: ಶಾಲೆಯಲ್ಲಿ ಒಬ್ಬ ಮಾಸ್ತರ ನಡತೆ ಸರಿಯಿಲ್ಲ. ಸುದ್ದಿ ಸಮಿತಿಗೆ ಬರುತ್ತದೆ. ಹಿರಿಯರು ಗುಡಿಯ ಕಟ್ಟೆಯ ಮೇಲೆ ಸೇರುತ್ತಾರೆ. "ಊರ ಮರ್ಯಾದಿ ಹೋಗ್ತೈತಿ. ಹುಡಿಗಿ ಹೆಸರೂ ಕೆಡ್ತೈತಿ. ಸುಮ್ಮ ಮಾಸ್ತರನ್ನ ಬದಲಿ ಮಾಡಸೂಣು" ಎಂದು ತೀರ್ಮಾನವಾಗುತ್ತದೆ. ಮಾಸ್ತರು ವರ್ಗದ ಆದೇಶ ಹಿಡಿದು ಇನ್ನೊಂದು ಊರಿಗೆ ಹೋಗುತ್ತಾನೆ. ಅಲ್ಲಿಯೂ ಏಳನೆಯ ಇಯತ್ತೆ ಇದೆ, ಅಲ್ಲಿಯೂ ಹುಡುಗಿಯರಿದ್ದಾರೆ. ಇತ್ತ ಈ ಹುಡುಗಿಯನ್ನು ಶಾಲೆ ಬಿಡಿಸುತ್ತಾರೆ. ಎಸ್.ಎಸ್.ಎಲ್.ಸಿ. ಮೆಟ್ಟಿಲು ಹತ್ತುವ ಮೊದಲೇ ಸೋದರಮಾವನ ಮನೆಯಲ್ಲಿ ಮಾತುಕತೆ ನಡೆಯುತ್ತದೆ. ಶಾಲೆಯ ಹೆಸರು ಉಳಿಯಿತು. ಮಗು ಉಳಿಯಲಿಲ್ಲ.

ಆ ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬರೂ ದುಷ್ಟರಲ್ಲ. ಎಲ್ಲರೂ ಏಲಿಯಂತಹ ಒಳ್ಳೆಯವರೇ. ಕೇಳಿದರು, ಮರುಗಿದರು, ತಡೆಯಲಿಲ್ಲ.

ಸಂತ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಒಂದು ಮಗುವನ್ನು ಕರೆದು ಶಿಷ್ಯರ ನಡುವೆ ನಿಲ್ಲಿಸುತ್ತಾರೆ. ಅಲ್ಲಿ ಅವರು ಆಡಿದಷ್ಟು ಕಠಿಣವಾದ ಮಾತು ಶುಭಸಂದೇಶದಲ್ಲಿ ಅಪರೂಪ. ಇಂತಹ ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುಕಲ್ಲು ಕಟ್ಟಿ ಸಮುದ್ರಕ್ಕೆ ತಳ್ಳಿದರೂ ಅದು ಅವನಿಗೆ ಲೇಸು ಎನ್ನುತ್ತಾರೆ. ಮಗುವನ್ನು ಮೂಲೆಯಲ್ಲಿ ನಿಲ್ಲಿಸಲಿಲ್ಲ, ನಡುವೆ ನಿಲ್ಲಿಸಿದರು ಎಂಬುದನ್ನು ಮರೆಯಬೇಡಿ. ನಮ್ಮ ಕಟ್ಟೆಯ ಸಭೆಯಲ್ಲಿ ನಡುವೆ ನಿಂತದ್ದು ಊರ ಮರ್ಯಾದೆ. ಮಗು ಹೊರಗೆ ನಿಂತಿತ್ತು.

ಈ ವಿಷಯದಲ್ಲಿ ಇತರರಿಗೆ ಬೆರಳು ತೋರಿಸುವ ಹಕ್ಕು ನಮಗಿಲ್ಲ. ನಮ್ಮ ಧರ್ಮಸಭೆಯೇ ಅನೇಕ ದೇಶಗಳಲ್ಲಿ ಇದೇ ತಪ್ಪು ಮಾಡಿತು. ಮಕ್ಕಳಿಗೆ ಕೇಡು ಮಾಡಿದ ಗುರುಗಳನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗ ಮಾಡಿ ಹೆಸರು ಉಳಿಸಿಕೊಳ್ಳಲು ನೋಡಿತು. ಹೆಸರೂ ಉಳಿಯಲಿಲ್ಲ, ಮಕ್ಕಳ ಕಣ್ಣೀರೂ ನಿಲ್ಲಲಿಲ್ಲ. ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು 2014ರಲ್ಲಿ ಮಕ್ಕಳ ರಕ್ಷಣೆಗಾಗಿ ಒಂದು ಆಯೋಗವನ್ನು ನೇಮಿಸಿದರು. 2019ರಲ್ಲಿ, ಇಂತಹ ವಿಷಯ ತಿಳಿದ ಧರ್ಮಗುರುಗಳೂ ಧರ್ಮಭಗಿನಿಯರೂ ಧರ್ಮಸಭೆಯ ಅಧಿಕಾರಿಗಳಿಗೆ ತಿಳಿಸಲೇಬೇಕು ಎಂಬ ಕಟ್ಟಳೆ ತಂದರು. ಇದರಿಂದ ದೇಶದ ಕಾನೂನಿಗೆ ಸಲ್ಲಿಸಬೇಕಾದ ಕರ್ತವ್ಯ ತಪ್ಪುವುದಿಲ್ಲ ಎಂದೂ ಅದರಲ್ಲಿದೆ. ಪೆಟ್ಟು ತಿಂದು ಕಲಿತ ಪಾಠವಿದು. ನಮ್ಮ ಊರ ಶಾಲೆ ಅದೇ ಪೆಟ್ಟು ತಿಂದೇ ಕಲಿಯಬೇಕೇ?

ನಮ್ಮ ದೇಶದ ಕಾನೂನು ಏನು ಹೇಳುತ್ತದೆಂದು ತಿಳಿದಿರಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆ ಅದೇ ವರ್ಷದ ನವೆಂಬರ್ 14ರಂದು, ಮಕ್ಕಳ ದಿನದಂದೇ, ಜಾರಿಗೆ ಬಂತು. ಅದರ 19ನೆಯ ಕಲಮಿನಂತೆ, ಇಂತಹ ಅಪರಾಧ ನಡೆದಿದೆ ಎಂದು ತಿಳಿದವರು, ನಡೆದೀತು ಎಂಬ ಶಂಕೆಯುಳ್ಳವರು, ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಸರ್ಕಾರಿ ಶಾಲೆಗೂ ಇದು ಅನ್ವಯಿಸುತ್ತದೆ, ನಮ್ಮ ಧರ್ಮಭಗಿನಿಯರು ನಡೆಸುವ ಕಾನ್ವೆಂಟಿಗೂ ಅನ್ವಯಿಸುತ್ತದೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಎಂಬ ಅಭಯವೂ ಅದರಲ್ಲೇ ಇದೆ.

"ಸುಳ್ಳಾಗಿದ್ದರೆ ಒಬ್ಬ ಒಳ್ಳೆಯ ಮಾಸ್ತರನ ಬಾಳು ಹಾಳಾಗುವುದಿಲ್ಲವೇ?" ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಶಿಕ್ಷಕರಲ್ಲಿ ಬಹುಪಾಲು ಮಂದಿ ಮಕ್ಕಳನ್ನು ಸ್ವಂತ ಮಕ್ಕಳಂತೆ ಕಾಯುವವರೇ. ಆದರೆ ತಿಳಿಸುವುದು ಬೇರೆ, ತೀರ್ಪು ಕೊಡುವುದು ಬೇರೆ. ತನಿಖೆ ಪೊಲೀಸರ ಕೆಲಸ, ತೀರ್ಪು ನ್ಯಾಯಾಲಯದ ಕೆಲಸ. ಕಟ್ಟೆಯ ಮೇಲೆ ಕೂತು ನಾವೇ ಎರಡನ್ನೂ ಮಾಡಿದರೆ ತಪ್ಪಿಲ್ಲದವನಿಗೂ ನ್ಯಾಯ ಸಿಗುವುದಿಲ್ಲ, ನೊಂದ ಮಗುವಿಗೂ ಸಿಗುವುದಿಲ್ಲ.

ಹಾಗಾದರೆ ಸಮಿತಿಯಲ್ಲಿ ಕೂತವರು ಮಾಡಬೇಕಾದದ್ದೇನು?

ಮೊದಲನೆಯದಾಗಿ, ಹಾಜರಿ ಪುಸ್ತಕ ನೋಡಿ. ಮೂರು ದಿನ ಬಾರದ ಮಗುವಿನ ಮನೆಗೆ ಯಾರಾದರೂ ಹೋಗಿ ಬನ್ನಿ. ಕಟಾವಿಗೆ ಹೋಗಿದೆಯೋ, ಮದುವೆಯ ಮಾತು ನಡೆದಿದೆಯೋ, ಹೆದರಿ ಕೂತಿದೆಯೋ ತಿಳಿಯುತ್ತದೆ. ಹೆಣ್ಣಿಗೆ 18 ತುಂಬುವ ಮೊದಲು ಮದುವೆ ಮಾಡುವುದು ಅಪರಾಧ ಎಂಬುದನ್ನೂ ಆ ಮನೆಯವರಿಗೆ ಮೆಲ್ಲಗೆ ತಿಳಿಸಿ.

ಎರಡನೆಯದಾಗಿ, ಶಾಲೆಯನ್ನು ಒಮ್ಮೆ ಸುತ್ತಿ ಬನ್ನಿ. ಹುಡುಗಿಯರ ಶೌಚಾಲಯಕ್ಕೆ ಬಾಗಿಲಿದೆಯೇ, ಒಳಗೆ ಚಿಲಕವಿದೆಯೇ? ಯಾವ ಮಗುವನ್ನಾದರೂ ಯಾರದಾದರೂ ಮನೆಗೆಲಸಕ್ಕೆ ಕಳಿಸುತ್ತಿದ್ದಾರೆಯೇ? ಬೆತ್ತ ಇನ್ನೂ ಆಡುತ್ತಿದೆಯೇ? ಮಗುವನ್ನು ಹೊಡೆಯುವುದನ್ನೂ ಮನನೋಯಿಸುವುದನ್ನೂ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ನಿಷೇಧಿಸಿದೆ. ಹೊಡೆತಕ್ಕೆ ಹೆದರಿದ ಮಗು ಯಾವ ನೋವನ್ನೂ ಬಾಯಿಬಿಟ್ಟು ಹೇಳುವುದಿಲ್ಲ.

ಮೂರನೆಯದಾಗಿ, ಸಮಿತಿಯ ತಾಯಂದಿರು ಸಭೆಗೆ ತಾವೇ ಬರಲಿ. ಯಜಮಾನರು ಬಂದು ಸಹಿ ಮಾಡಿ ಹೋಗುವ ರೂಢಿ ನಿಲ್ಲಲಿ. ನೊಂದ ಹುಡುಗಿ ಗಂಡಸರ ಸಭೆಗೆ ಬಂದು ಹೇಳುವುದಿಲ್ಲ. ನೀರು ತುಂಬುವಾಗ, ರೊಟ್ಟಿ ಬಡಿಯುವಾಗ ಒಬ್ಬ ಅವ್ವನಿಗೆ ಹೇಳುತ್ತಾಳೆ.

ನಾಲ್ಕನೆಯದಾಗಿ, ಮಕ್ಕಳ ಸಹಾಯವಾಣಿ 1098 ಎಂಬ ಅಂಕಿಯನ್ನು ಮಕ್ಕಳಿಗೆ ಕಾಣುವ ಎತ್ತರದಲ್ಲಿ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಆ ನಂಬರಿಗೆ ದುಡ್ಡು ತಗಲುವುದಿಲ್ಲ.

ಐದನೆಯದಾಗಿ, ಮಗು ಬಂದು ಹೇಳಿದ ದಿನ ಏನು ಮಾಡಬೇಕೆಂದು ಈಗಲೇ ತಿಳಿದಿರಿ. ಕೇಳಿ. ಮತ್ತೆ ಮತ್ತೆ ಕೆದಕಬೇಡಿ. ನಾಲ್ಕು ಜನರ ಮುಂದೆ ನಿಲ್ಲಿಸಿ ಹೇಳಿಸಬೇಡಿ. "ನಿಂದೇನೂ ತಪ್ಪಿಲ್ಲವ್ವಾ, ಹೇಳಿದ್ದು ಚಲೋ ಮಾಡಿದಿ" ಎನ್ನಿ. ಅಂದೇ ಪೊಲೀಸರಿಗೋ 1098ಕ್ಕೋ ತಿಳಿಸಿ. ಮಗುವನ್ನು ಠಾಣೆಗೆ ಎಳೆದೊಯ್ಯಬೇಕಾಗಿಲ್ಲ. ಅದರ ಮನೆಯಲ್ಲೇ ಅಥವಾ ಅದು ಇಷ್ಟಪಟ್ಟ ಕಡೆಯಲ್ಲೇ, ಸಮವಸ್ತ್ರವಿಲ್ಲದೆ ಬಂದು ಹೇಳಿಕೆ ಪಡೆಯಬೇಕೆಂದು ಕಾನೂನಿದೆ. ಪೊಲೀಸರು 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಷಯ ಮುಟ್ಟಿಸಬೇಕು. ಮಗುವಿನ ಹೆಸರು ನಿಮ್ಮ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗದಿರಲಿ. ಆಮೇಲೆ ಆ ಮಗು ಅದೇ ಶಾಲೆಯಲ್ಲಿ, ಅದೇ ಬೆಂಚಿನ ಮೇಲೆ ಕೂತು ಓದುವಂತೆ ನೋಡಿಕೊಳ್ಳಿ. ಶಾಲೆ ಬಿಡಬೇಕಾದವಳು ಅವಳಲ್ಲ.

ಕೊನೆಗೆ ಶೀಲೋವಿಗೆ ಮರಳೋಣ. ಏಲಿಯ ಬಾಳಿನಲ್ಲಿ ಒಂದು ಒಳ್ಳೆಯ ಗಳಿಗೆ ಇದೆ. ಆ ಬೆಳಗ್ಗೆ ಹೆದರಿ ನಿಂತಿದ್ದ ಬಾಲಕನನ್ನು ಅವನೇ ಕರೆದ. ಮಗನೇ ಎಂದ. ಏನನ್ನೂ ಬಚ್ಚಿಡಬೇಡ ಎಂದ. ತನ್ನ ಮನೆತನದ ವಿರುದ್ಧವೇ ಇದ್ದ ಮಾತನ್ನು ಕೊನೆಯ ತನಕ ಕೇಳಿದ. ಬೈಯಲಿಲ್ಲ, ಸುಳ್ಳು ಎನ್ನಲಿಲ್ಲ. ಸಮುವೇಲ ಏನನ್ನೂ ಮುಚ್ಚದೆ ಹೇಳಿದ. ಮಗು ಬಾಯಿ ತೆರೆದದ್ದು ಒಬ್ಬ ಹಿರಿಯ ಕಿವಿ ಕೊಟ್ಟದ್ದರಿಂದ. ಏಲಿಗೆ ತಡವಾಗಿತ್ತು. ನಮಗೆ ಇನ್ನೂ ತಡವಾಗಿಲ್ಲ.

ಈ ವಾರ ಮನೆಯಲ್ಲಿ ಜಪಸರ ಮುಗಿದ ಮೇಲೆ ಟಿ.ವಿ. ಹಚ್ಚುವ ಮುಂಚೆ ನಿಮ್ಮ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಸಾಲ್ಯಾಗ ಏನ್ ನಡೀತು ಇವತ್ತ?" ಎಂದು ಕೇಳಿ. ಉತ್ತರ ಬರುವ ತನಕ ಕಾಯಿರಿ. ಸಮಿತಿಯಲ್ಲಿರುವವರು ಮುಂದಿನ ಸಭೆಯಲ್ಲಿ ಬಣ್ಣ ಬೇಳೆಗಳ ಮಾತಿಗಿಂತ ಮೊದಲು ಈ ಮಾತನ್ನು ಎತ್ತಿ.

ಪ್ರಾರ್ಥಿಸೋಣ: ಮಕ್ಕಳನ್ನು ಅಪ್ಪಿ ಆಶೀರ್ವದಿಸಿದ ಯೇಸುವೇ, ನಮ್ಮ ಶಾಲೆಗಳ ಬಾಗಿಲ ಬಳಿ ನಮ್ಮನ್ನು ಕೂರಿಸಿದ್ದೀರಿ. ನಮ್ಮ ಕಣ್ಣು ಮಂಜಾಗದಿರಲಿ. ಮರ್ಯಾದೆಯ ಹೆಸರಿನಲ್ಲಿ ನಮ್ಮ ಬಾಯಿ ಕಟ್ಟದಿರಲಿ. ಹೆದರಿ ನಿಂತ ಮಗುವನ್ನು ಮೊದಲು ನಾವೇ ಕರೆಯುವಂತೆ ಮಾಡಿ. ಬಾಲಯೇಸುವನ್ನು ಎತ್ತಿಕೊಂಡು ರಾತ್ರೋರಾತ್ರಿ ಹೊರಟ ಸಂತ ಜೋಸೆಫರೇ, ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಿ. ಆಮೆನ್.