ಮಳೆನೀರಿನ ಪೀಪಾಯಿಯೂ ಪ್ರಮಾದವಿಚಾರವೂ

ಒಳ್ಳೆಯ ಉದ್ದೇಶದಿಂದ ಕೈಕೊಂಡ ಕೆಲಸವು ಎಚ್ಚರಿಕೆ ತಪ್ಪಿದುದರಿಂದ ಮತ್ತೊಬ್ಬರಿಗೆ ಕೇಡನ್ನು ತಂದರೆ, ಅಥವಾ ತಂದಿರಬಹುದೆಂಬ ಸಂದೇಹಕ್ಕೆ ಎಡೆಗೊಟ್ಟರೆ, ಅದರ ದೋಷವು ಮಾಡಿದವನಿಗೆ ತಟ್ಟುವುದೋ ಇಲ್ಲವೋ? ಈ ಪ್ರಶ್ನೆಯು ಧರ್ಮಶಾಸ್ತ್ರವನ್ನು ಬಲ್ಲವರಿಗೆ ಹೊಸದಲ್ಲ. ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಗುರುಗಳ ಮುಂದೆ ಕುಳಿತು ಇಂತಹ ಪ್ರಶ್ನೆಗಳ ಪೂರ್ವಪಕ್ಷವನ್ನೂ ಸಿದ್ಧಾಂತವನ್ನೂ ತಡೆಯಿಲ್ಲದೆ ಒಪ್ಪಿಸಿದ್ದುಂಟು. ಉಪಾಧ್ಯಾಯನಾದ ಮೇಲೆ ಹುಡುಗರಿಗೆ ಹೇಳಿಕೊಟ್ಟದ್ದೂ ಉಂಟು. ಆದರೆ ಅದು ನನ್ನ ಮನೆಯ ಬಾಗಿಲಿಗೇ ಬಂದು ನಿಂತದ್ದು ಕಳೆದ ವರ್ಷದ ಮಳೆಗಾಲದಲ್ಲಿ. ಬಂದದ್ದೂ ಒಂದು ಪೀಪಾಯಿಯ ರೂಪದಲ್ಲಿ. ವಿಷಯವು ಅಲ್ಪವೆಂದು ವಾಚಕ ಮಹಾಶಯರು ಉಪೇಕ್ಷಿಸಬಾರದೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ನಮ್ಮದು ಹಳೆಯ ಹೆಂಚಿನ ಮನೆ. ಮುಂದೆ ಜಗಲಿ, ಅದರ ಎದುರಿಗೆ ತುಲಸಿ, ದುಂಡುಮಲ್ಲಿಗೆ, ಕನಕಾಂಬರ, ದಾಸವಾಳ, ಕರಿಬೇವುಗಳಿರುವ ಒಂದು ಪುಟ್ಟ ಕೈತೋಟ. ನನ್ನ ತಾಯಿಯವರ ಕಾಲದಲ್ಲಿ ಮಳೆ ಹಿಡಿದೊಡನೆ ಸೂರಿನ ಕೆಳಗೆ ಹಂಡೆ, ಕೊಡ, ಬಿಂದಿಗೆಗಳನ್ನು ಸಾಲಾಗಿ ಇಡುತ್ತಿದ್ದರು. ಮಳೆ ನಿಂತ ಮರುದಿನವೇ ಆ ನೀರು ಬಟ್ಟೆಗೋ ಗಿಡಕ್ಕೋ ದನಕ್ಕೋ ಸಂದುಹೋಗಿ, ಪಾತ್ರೆಗಳು ಬೋರಲಾಗಿ ಒಳಗೆ ಸೇರುತ್ತಿದ್ದುವು. ಕೊಳಾಯಿ ಬಂದ ಮೇಲೆ ಆ ಪದ್ಧತಿ ನಿಂತುಹೋಯಿತು. ಸೂರಿನ ನೀರೆಲ್ಲ ಚರಂಡಿಯ ಪಾಲಾಯಿತು.

ನನ್ನ ಮಗನು ಬೆಂಗಳೂರಿನಲ್ಲಿರುವನು. ಆ ನಗರದಲ್ಲಿ ದೊಡ್ಡ ನಿವೇಶನಗಳ ಮನೆಗಳವರು ಮಳೆನೀರನ್ನು ಸಂಗ್ರಹಿಸಲೇಬೇಕೆಂದು 2009ರಲ್ಲಿಯೇ ಕಾಯಿದೆಯಾಯಿತು. ಅದನ್ನೆಲ್ಲ ಕಂಡಿದ್ದ ಅವನು ನಮ್ಮ ಕೈತೋಟಕ್ಕೆಂದು 200 ಲೀಟರು ಹಿಡಿಯುವ ಪೀಪಾಯಿಯೊಂದನ್ನು ಕಳುಹಿಸಿಕೊಟ್ಟನು. ನೋಡುವುದಕ್ಕೆ ಮರದ ಹಲಗೆಗಳನ್ನು ಜೋಡಿಸಿ ಕಬ್ಬಿಣದ ಪಟ್ಟಿ ಬಿಗಿದಂತಿತ್ತು, ವಾಸ್ತವವಾಗಿ ಪ್ಲಾಸ್ಟಿಕ್ಕು. ಹೊರಮೈಯ ಸುತ್ತ ತಾವರೆಯ ಬಳ್ಳಿ, ನಡುನಡುವೆ ಹಂಸಗಳ ಜೋಡಿ. ಬುಡದಲ್ಲಿ ಹಿತ್ತಾಳೆಯ ನಲ್ಲಿ. ಮೇಲೆ ಸಣ್ಣ ಕಣ್ಣಿನ ಬಲೆಯನ್ನು ಕೂಡಿಸಿದ ಕಪ್ಪು ಮುಚ್ಚಳ. ಸೂರಿಗೆ ತಗಡಿನ ದೋಣಿಯನ್ನು ಕಟ್ಟಿಸಿ, ಅಲ್ಲಿಂದ ಕೊಳವೆಯನ್ನು ಇಳಿಸಿದೆವು. ಮೊದಲ ಮಳೆಗೇ ಪೀಪಾಯಿ ತುಂಬಿ ತುಳುಕಿತು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಹೇಳಬೇಕಾಗಿದೆ. ಒಂದು ಚದರ ಮೀಟರು ಮಾಡಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರಾಗುತ್ತದೆ. ನಮ್ಮ ಮುಂದಿನ ಇಳಿಜಾರು ಸುಮಾರು 40 ಚದರ ಮೀಟರು. 10 ಮಿಲಿಮೀಟರು ಮಳೆಗೆ ಅದರಿಂದ 400 ಲೀಟರಿನಷ್ಟು ನೀರು ಇಳಿಯುವುದು. ಅಂದರೆ ಅರ್ಧ ಮಳೆಗೆ ಪೀಪಾಯಿ ತುಂಬಿ, ಉಳಿದರ್ಧ ಎಂದಿನಂತೆ ಚರಂಡಿಗೆ ಹೋಗುವುದು. ಆದುದರಿಂದ ಇಂತಹ ಪಾತ್ರೆಯ ಪ್ರಯೋಜನವು ಅದು ತುಂಬುವುದರಲ್ಲಿಲ್ಲ, ಬರಿದಾಗುವುದರಲ್ಲಿದೆ. ಹತ್ತು ಸಲ ತುಂಬಿ ಹತ್ತು ಸಲ ಬರಿದಾದ ಪೀಪಾಯಿಯು 2,000 ಲೀಟರಿನ ತೊಟ್ಟಿಗೆ ಸಮ; ಒಮ್ಮೆ ತುಂಬಿ ಹಾಗೆಯೇ ನಿಂತದ್ದರಿಂದ ಯಾವ ಗಿಡದ ಬೇರಿಗೂ ಒಂದು ಹನಿ ಸೇರಲಿಲ್ಲ. ಈ ಲೆಕ್ಕವು ನನಗೆ ತಿಳಿಯದುದಲ್ಲ. ಬಂದವರಿಗೆಲ್ಲ ಜಗಲಿಯ ಮೇಲೆ ಕುಳಿತು ನಾನೇ ಇದನ್ನು ವಿವರಿಸುತ್ತಿದ್ದೆನು.

ಪೀಪಾಯಿಗೆ ಚಿತ್ರವೇಕೆ, ಉಪಯೋಗದ ವಸ್ತುವಿಗೆ ಅಲಂಕಾರವು ವ್ಯರ್ಥವಲ್ಲವೇ ಎಂದು ಕೆಲವರು ಕೇಳಿದರು. ಈ ಆಕ್ಷೇಪಣೆಯನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನೀರಿರುವ ಎಡೆಯಲ್ಲಿ ಸೊಬಗನ್ನು ಕೂಡಿಸುವುದು ನಮ್ಮ ಪೂರ್ವಿಕರಿಗೆ ಸಮ್ಮತವಾಗಿದ್ದಿತು. ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮಾಣಿಕೇಶ್ವರನ ಗುಡಿಯ ಪಕ್ಕದಲ್ಲಿರುವ ಮುಸುಕಿನ ಬಾವಿಯನ್ನು ನೋಡಿದವರು ಇದನ್ನು ಬಲ್ಲರು. ಮೆಟ್ಟಿಲುಗಳ ನಡುವೆಯೇ ಪುಟ್ಟ ಪುಟ್ಟ ಗುಡಿಗಳನ್ನು ಅಲ್ಲಿ ಕಡೆದಿದ್ದಾರೆ. ಆದರೆ ಒಂದು ವಿಶೇಷವನ್ನು ಗಮನಿಸಬೇಕು. ಆ ಶಿಲ್ಪದಲ್ಲಿ ಯಾವುದೂ ನೀರಿಗೆ ಇಳಿಯುವವನ ಕಾಲನ್ನು ತಡೆಯುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿದ್ದುಕೊಂಡೇ ಸುಂದರವಾಗಿದೆ. ಈ ಭೇದವನ್ನು ನಾನು ಮರೆತೆನು.

ಮರೆತ ಬಗೆಯನ್ನು ನಿವೇದಿಸುತ್ತೇನೆ. ಆ ಕಪ್ಪು ಮುಚ್ಚಳವು ಪೀಪಾಯಿಯ ಅಂದಕ್ಕೆ ಕುಂದೆಂದು ನನಗೆ ತೋರಿತು. ಅದನ್ನು ತೆಗೆದು ಹಿತ್ತಿಲಿನಲ್ಲಿಟ್ಟೆನು. ತುಂಬಿದ ನೀರಿನ ಮೇಲೆ ಬೆಳಗ್ಗೆ ನಾಲ್ಕು ದಾಸವಾಳಗಳನ್ನು ತೇಲಿಬಿಟ್ಟರೆ ಬೀದಿಯಲ್ಲಿ ಹೋಗುವವರೂ ನಿಂತು ನೋಡುತ್ತಿದ್ದರು. ಹುಡುಗರು ಫೋಟೋ ತೆಗೆದುಕೊಳ್ಳುತ್ತಿದ್ದರು. ನಲ್ಲಿಯನ್ನು ತಿರುಗಿಸಿದರೆ ನೀರು ಇಳಿದು ಹೂವು ಕೆಳಗಾಗುವುದು. ಪೂರ್ಣಕುಂಭದ ಶೋಭೆ ಕೆಡುವುದು. ಆದುದರಿಂದ ಮಳೆ ಬಾರದ ದಿನಗಳಲ್ಲಿ ಗಿಡಗಳಿಗೆ ಕೊಳಾಯಿಯ ನೀರನ್ನು ಹಾಕಿ, ಪೀಪಾಯಿಯನ್ನು ತುಂಬಿದಂತೆಯೇ ಉಳಿಸಿಕೊಂಡು ಬಂದೆನು! ಕೊಳಾಯಿಯ ನೀರನ್ನು ಉಳಿಸುವುದಕ್ಕೆಂದು ತಂದ ಪಾತ್ರೆಯನ್ನು ಉಳಿಸುವುದಕ್ಕಾಗಿ ಕೊಳಾಯಿಯ ನೀರು ವೆಚ್ಚವಾಗತೊಡಗಿತು. ಮನೆಯವರು ಒಂದೆರಡು ಸಲ ಹೇಳಿದರು. "ನಿನಗೆ ತಿಳಿಯದು" ಎಂದುಬಿಟ್ಟೆನು. ಹೀಗೆ ಮೂರು ವಾರಗಳು ಕಳೆದುವು.

ಶ್ರಾವಣದಲ್ಲಿ ನೆರೆಮನೆಯ ಏಳು ವರ್ಷದ ಹುಡುಗಿಗೆ ಜ್ವರ ಬಂದಿತು. ಮೂರನೆಯ ದಿನ ರಕ್ತವನ್ನು ಪರೀಕ್ಷಿಸಿ ಡೆಂಗ್ಯೂ ಎಂದರು. ಮಗುವನ್ನು ಆಸ್ಪತ್ರೆಗೆ ಸೇರಿಸಿದರು; ಎರಡು ದಿನ ನಂಬಿಕೆ ಕಡಿಮೆಯಾಗಿದ್ದಿತು. ಆ ರಾತ್ರಿಗಳಲ್ಲಿ ಪಕ್ಕದ ಮನೆಯ ದೀಪ ಆರಲಿಲ್ಲ. ಒಂಬತ್ತನೆಯ ದಿನ ಮಗು ಮನೆಗೆ ಬಂದಿತು, ದೈವಕೃಪೆ. ಈ ನಡುವೆ ಆಶಾ ಕಾರ್ಯಕರ್ತೆಯೊಬ್ಬರು ಮನೆಮನೆಗೂ ಬಂದು ನೀರಿನ ಪಾತ್ರೆಗಳನ್ನು ನೋಡಿದರು. ನನ್ನ ಹಳೆಯ ಶಿಷ್ಯೆ. ಪೀಪಾಯಿಯೊಳಕ್ಕೆ ಬ್ಯಾಟರಿಯ ಬೆಳಕನ್ನು ಬಿಟ್ಟು, ನನ್ನನ್ನು ಕರೆದು, "ಇಲ್ಲಿ ನೋಡಿ ಮೇಷ್ಟ್ರೇ" ಎಂದರು. ದಾಸವಾಳಗಳ ಕೆಳಗೆ ಸೊಳ್ಳೆಮರಿಗಳು ನೂರಾರು ಕೊಂಕಿ ಕೊಂಕಿ ಆಡುತ್ತಿದ್ದುವು. ಆಕೆ ಹೆಚ್ಚೇನೂ ಆಡಲಿಲ್ಲ. "ಮುಚ್ಚಳ ಎಲ್ಲಿ ಮೇಷ್ಟ್ರೇ?" ಎಂದು ಮಾತ್ರ ಕೇಳಿದರು.

ಅಂದಿನಿಂದ ಮನಸ್ಸಿನಲ್ಲಿ ವಾದವು ಮೊದಲಾಯಿತು. ಓದಿದವನಿಗೆ ಸಮಾಧಾನಗಳು ಸುಲಭವಾಗಿ ಒದಗಿಬರುತ್ತವೆ. ಮೊದಲನೆಯದು ಕಾಕತಾಲೀಯ ನ್ಯಾಯ. ಕಾಗೆ ಕುಳಿತುಕೊಳ್ಳುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದ ಮಾತ್ರಕ್ಕೆ ಕಾಗೆಯೇ ಕಾರಣವೆಂದು ಹೇಳಲಾಗದಷ್ಟೆ. ಬೀದಿಯಲ್ಲಿ ಹಳೆಯ ಟೈರುಗಳಿದ್ದುವು, ತೆಂಗಿನ ಚಿಪ್ಪುಗಳಿದ್ದುವು. ಮಗುವು ಶಾಲೆಗೆ ಹೋಗುತ್ತಿದ್ದಿತು. ಈ ಸೊಳ್ಳೆ ಕಚ್ಚುವುದೂ ಹಗಲಿನಲ್ಲಿ. ಕಚ್ಚಿದ ಸೊಳ್ಳೆಯು ನನ್ನ ಪೀಪಾಯಿಯದೇ ಎಂಬುದಕ್ಕೆ ಪ್ರಮಾಣವೇನು?

ತರ್ಕದಲ್ಲಿ ಈ ಸಮಾಧಾನವು ಗೆಲ್ಲುತ್ತದೆ. ಆದರೆ ತರ್ಕಸಭೆಯಲ್ಲಿ ಸಾಧಿಸುವ ಭಾರವು ಆರೋಪಿಸುವವನ ಮೇಲಿರುತ್ತದೆ. ಅಂತಃಕರಣದ ಸಭೆಯಲ್ಲಿ ಆರೋಪಿಸುವವನೂ ನಾನೇ, ಉತ್ತರಿಸುವವನೂ ನಾನೇ. ಅಲ್ಲಿ ಕೇಳುವ ಪ್ರಶ್ನೆಯು "ಆ ಸೊಳ್ಳೆ ಯಾರದು?" ಎಂಬುದಲ್ಲ, "ನೀನು ಮಾಡಬೇಕಾದುದನ್ನು ಮಾಡಿದೆಯಾ?" ಎಂಬುದು. ಕಣ್ಣುಮುಚ್ಚಿ ಗೋಡೆಯಾಚೆಗೆ ಕಲ್ಲೆಸೆದವನು, ಕಲ್ಲು ಯಾರಿಗೂ ತಗುಲಲಿಲ್ಲವೆಂಬ ಕಾರಣದಿಂದ ನಿರ್ದೋಷಿಯಾಗುವನೇ? ಆ ಹುಡುಗಿಗೆ ಜ್ವರವೇ ಬಾರದಿದ್ದರೂ ನಾನು ಮೂರು ವಾರ ಮಾಡಿದ ಕೆಲಸವು ಅದೇ ಆಗಿರುತ್ತಿತ್ತು, ಗೊತ್ತಾಗುತ್ತಿರಲಿಲ್ಲ, ಅಷ್ಟೆ. ಲೌಕಿಕವಾದ ಶಾಸನವೂ ಇದನ್ನೇ ಹೇಳುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಎಡೆಗೊಟ್ಟ ಮನೆಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನು ಗೊತ್ತುಮಾಡಿತು. ಯಾರ ಮನೆಯ ಸೊಳ್ಳೆ ಯಾರನ್ನು ಕಚ್ಚಿತೆಂದು ಆ ನಿಯಮವು ವಿಚಾರಿಸುವುದಿಲ್ಲ.

ಎರಡನೆಯ ಸಮಾಧಾನವು ಉದ್ದೇಶದ್ದು. ಇಷ್ಟ, ಪೂರ್ತ ಎಂಬ ಎರಡು ಬಗೆಯ ಪುಣ್ಯಕಾರ್ಯಗಳಲ್ಲಿ ಕೆರೆ, ಬಾವಿ, ತೋಪುಗಳನ್ನು ಮಾಡಿಸುವುದು ಪೂರ್ತ. ಮಳೆನೀರನ್ನು ಹಿಡಿಯುವುದು ಅದರ ಒಂದು ಕಿರಿಯ ರೂಪ. ಉದ್ದೇಶವು ಶುದ್ಧವಾಗಿರುವಾಗ ಫಲದ ದೋಷವು ತಟ್ಟಬೇಕೇಕೆ? ಹೀಗೆಂದು ನಾನು ನನ್ನನ್ನೇ ಸಂತೈಸಿಕೊಳ್ಳಲು ಯತ್ನಿಸಿದೆನು. ಆದರೆ ಯಾವ ಉದ್ದೇಶ? ಮೊದಲನೆಯ ದಿನ ನನ್ನ ಉದ್ದೇಶವು ಗಿಡಕ್ಕೆ ನೀರು. ಹತ್ತನೆಯ ದಿನ ಅದು ನಾಲ್ವರ ಮೆಚ್ಚಿಕೆ. ನಡುವೆ ಯಾವ ಗಳಿಗೆಯಲ್ಲಿ ಒಂದು ಹೋಗಿ ಇನ್ನೊಂದು ಬಂದಿತೋ ನನಗೇ ತಿಳಿಯದು. ಸಂಕಲ್ಪವನ್ನು ಒಮ್ಮೆ ಮಾಡಿಬಿಟ್ಟರೆ ಅದು ಕಡೆಯವರೆಗೂ ಹಾಗೆಯೇ ಇರುವುದೆಂದು ನಾವು ಭಾವಿಸುತ್ತೇವೆ. ಇರುವುದಿಲ್ಲ. ನಿಂತ ನೀರಿನಂತೆ ಅದರಲ್ಲಿಯೂ ನಮಗೆ ಕಾಣದಂತೆ ಬೇರೊಂದು ಹುಟ್ಟಿಕೊಳ್ಳುತ್ತದೆ. ಮೇಲೆ ಹೂವು ತೇಲುತ್ತಿದ್ದರೆ ಇನ್ನೂ ಕಾಣುವುದಿಲ್ಲ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳುವುದು ಉಚಿತ. ಸೊಳ್ಳೆಯ ಒಡಲಿನಲ್ಲಿ ಮಲೇರಿಯಾದ ರೋಗಾಣುವನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದು, 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ರೊನಾಲ್ಡ್ ರಾಸ್ ಎಂಬ ವೈದ್ಯರು, ಅದಕ್ಕೆ ಬಹು ಮುಂಚೆ, 1883ರಲ್ಲಿ, ಬೆಂಗಳೂರಿನ ದಂಡಿನಲ್ಲಿದ್ದರು. ಬಂಗಲೆಯಲ್ಲಿ ಸೊಳ್ಳೆಯ ಕಾಟವು ವಿಪರೀತವಾಗಿರಲು, ಕಿಟಕಿಯ ಹೊರಗಿದ್ದ ನೀರಿನ ಬಾನಿಯಲ್ಲಿ ಅವು ಹುಟ್ಟುತ್ತಿದ್ದುದನ್ನು ಕಂಡು, ಅದನ್ನು ಉರುಳಿಸಿದರು, ಕಾಟವು ತಗ್ಗಿತು. ಮಿಕ್ಕೆಡೆಗಳಲ್ಲಿಯೂ ಹೀಗೆಯೇ ಮಾಡಬಹುದೆಂದು ಸೂಚಿಸಿದಾಗ, ಸೃಷ್ಟಿಕ್ರಮಕ್ಕೆ ಅಡ್ಡಿಮಾಡಬಾರದೆಂದು ದಂಡಿನ ಅಧಿಕಾರಿಯೊಬ್ಬರು ಒಪ್ಪಲಿಲ್ಲವಂತೆ. ಆ ಅಧಿಕಾರಿಯನ್ನು ನೋಡಿ ನಾವು ನಗಬಹುದು. ಆದರೆ ಸೊಳ್ಳೆಗೂ ರೋಗಕ್ಕೂ ಇರುವ ಸಂಬಂಧವು ಅಂದು ತಿಳಿದಿರಲಿಲ್ಲ. ಅವರದು ಅಜ್ಞಾನ, ನನ್ನದು ಪ್ರಮಾದ. ತಿಳಿಯದಿರುವುದು ಅಜ್ಞಾನ, ತಿಳಿದಿದ್ದೂ ಆ ಹೊತ್ತಿಗೆ ನೆನೆಯದಿರುವುದು ಪ್ರಮಾದ. ತಿಳಿವಳಿಕೆ ಹೆಚ್ಚಿದಷ್ಟೂ ಪ್ರಮಾದದ ಭಾರವು ಹೆಚ್ಚುತ್ತದೆ.

ಹಾಗಾದರೆ ಪೀಪಾಯಿಯನ್ನೇ ಉರುಳಿಸಿಬಿಡುವುದು ಲೇಸಲ್ಲವೇ ಎಂಬುದು ಕಡೆಯ ಪೂರ್ವಪಕ್ಷ. ಅಲ್ಲವೆಂದು ನನ್ನ ಅಭಿಪ್ರಾಯ. ದೋಷವು ಮಳೆಯದಲ್ಲ, ಪಾತ್ರೆಯದಲ್ಲ, ಅದರ ಮೇಲಿನ ಹಂಸಗಳದೂ ಅಲ್ಲ. ಹಂಸಗಳು ಹೊರಮೈಯಲ್ಲಿ ತಮ್ಮ ಪಾಡಿಗೆ ತಾವಿದ್ದುವು. ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಪ್ರತಿಪಾದಿಸಿದನು. ಮನೆಯ ವಸ್ತುಗಳಿಗೂ ಈ ಮಾತು ಸಲ್ಲುವುದು. ವಸ್ತುವಿನ ಧರ್ಮಕ್ಕೆ ಅಡ್ಡಬಾರದಿರುವ ತನಕ ಅಲಂಕಾರವು ಅಲಂಕಾರ. ಅಡ್ಡಬಂದ ಕ್ಷಣವೇ ಅದು ದೋಷ. ಪೀಪಾಯಿಯ ಧರ್ಮವೆಂದರೆ ಮುಚ್ಚಿಕೊಂಡು ತುಂಬುವುದು, ತೆರೆದುಕೊಂಡು ಬರಿದಾಗುವುದು. ಆ ಕಪ್ಪು ಮುಚ್ಚಳವನ್ನು ಕುಂದೆಂದು ನಾನು ಎಣಿಸಿದೆನಲ್ಲ, ಅಲ್ಲಿ ನನ್ನ ಸೌಂದರ್ಯದೃಷ್ಟಿಯೂ ತಪ್ಪಿತ್ತು.

ಇನ್ನೊಂದು ಕರ್ತವ್ಯವು ಉಳಿದಿದ್ದಿತು. ನೆರೆಮನೆಯವರಿಗೆ ಈ ಸಂಗತಿ ಗೊತ್ತಿರಲಿಲ್ಲ; ಆ ಶಿಷ್ಯೆ ಯಾರಿಗೂ ಹೇಳಿರಲಿಲ್ಲ. ಹೇಳದೆ ಇದ್ದುಬಿಡಬಹುದಾಗಿತ್ತು. ನಾಲ್ಕು ದಿನ ಹಾಗೆ ಇದ್ದೆನು ಕೂಡ. ಐದನೆಯ ದಿನ ಹೋಗಿ, ಮಗುವಿನ ಅಜ್ಜಿಯ ಮುಂದೆ ಕುಳಿತು, "ತಾಯಿ, ನಮ್ಮ ಪೀಪಾಯಿಯಲ್ಲಿ ಸೊಳ್ಳೆಮರಿ ಇದ್ದವು. ಮುಚ್ಚಳ ತೆಗೆದವನು ನಾನು. ಮಗುವಿನ ಜ್ವರ ಅದರಿಂದಲೇ ಬಂತೋ ಏನೋ ತಿಳಿಯದು, ಬಂದಿರಬಹುದು" ಎಂದೆನು. ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆ ಮೌನಕ್ಕಿಂತ ಬೈಗುಳವೇ ಮೇಲೆಂದು ನನಗೆ ತೋರಿತು. ಆಮೇಲೆ, "ನಮ್ಮ ಹಿತ್ತಿಲಲ್ಲೂ ಹಳೇ ಒರಳುಕಲ್ಲು ಬಿದ್ದಿದೆ ಮೇಷ್ಟ್ರೇ. ಅದರಲ್ಲೂ ಮಳೆನೀರು ನಿಂತೇ ಇರುತ್ತೆ. ನಾನೂ ನೋಡಿರಲಿಲ್ಲ" ಎಂದರು. ಇಬ್ಬರೂ ಹಿತ್ತಿಲಿಗೆ ಹೋದೆವು. ಒರಳನ್ನು ಹೊರಳಿಸುವುದು ಆಗದ ಮಾತು. ಅದರ ಗುಂಡಿಗೆ ಮರಳನ್ನು ತುಂಬಿಸಿದೆವು.

ಕಾರಣವು ಸಂದಿಗ್ಧವಾಗಿರುವಾಗ ದೋಷವನ್ನು ಒಬ್ಬರ ಮೇಲೊಬ್ಬರು ಎತ್ತಿಹಾಕುವುದು ಲೋಕದ ರೂಢಿ. ಆ ತಾಯಿಯು ತಮ್ಮ ಪಾಲನ್ನು ತಾವೇ ಕೇಳಿ ತೆಗೆದುಕೊಂಡರು. ಅದರಿಂದ ನನ್ನ ಪಾಲು ಕಡಿಮೆಯಾಯಿತೆಂದು ನಾನು ಹೇಳುವುದಿಲ್ಲ. ಹೊರುವುದು ಮಾತ್ರ ಸಾಧ್ಯವಾಯಿತು.

ಈಗ ಪೀಪಾಯಿಗೆ ಮುಚ್ಚಳವಿದೆ. ಮಳೆನೀರು ಗಿಡಗಳಿಗೇ ಹೋಗುತ್ತದೆ. ಶನಿವಾರದ ಬೆಳಗ್ಗೆ ಉಳಿದುದನ್ನೆಲ್ಲ ಬುಡಕ್ಕೆ ಬಿಟ್ಟು, ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕುತ್ತೇನೆ. ಈ ಸೊಳ್ಳೆಯು ನೀರಿನ ಅಂಚಿಗೆ ಮೇಲೆ ಪಾತ್ರೆಯ ಗೋಡೆಗೇ ಮೊಟ್ಟೆಯಿಡುವುದರಿಂದಲೂ, ಆ ಮೊಟ್ಟೆಗಳು ಒಣಗಿದ್ದರೂ ತಿಂಗಳುಗಟ್ಟಲೆ ಜೀವ ಹಿಡಿದಿರುವುದರಿಂದಲೂ, ನೀರನ್ನು ಚೆಲ್ಲಿದ ಮಾತ್ರಕ್ಕೆ ಸಾಲದು. ಮೊಟ್ಟೆಯೊಡೆದು ಸೊಳ್ಳೆಯಾಗಲು ಸಾಧಾರಣವಾಗಿ ಒಂದು ವಾರಕ್ಕಿಂತ ತುಸು ಹೆಚ್ಚು ಕಾಲ ಬೇಕು; ಆದುದರಿಂದ ವಾರಕ್ಕೊಮ್ಮೆ ಎಂಬ ಗೊತ್ತು. ನನ್ನ ತಾಯಿಯವರಿಗೆ ಈ ವಿಜ್ಞಾನವು ತಿಳಿದಿರಲಿಲ್ಲ; ಅವರ ಹಂಡೆಗಳು ಮಾತ್ರ ಮರುದಿನವೇ ಬೋರಲಾಗುತ್ತಿದ್ದುವು.

ಬೀದಿಯಲ್ಲಿ ಹೋಗುವವರು, "ಹೂ ಬಿಡೋದು ನಿಲ್ಲಿಸಿಬಿಟ್ಟಿರಾ ಮೇಷ್ಟ್ರೇ?" ಎಂದು ಕೇಳುತ್ತಾರೆ. ಗಿಡಗಳಲ್ಲೇ ಇವೆ ಎನ್ನುತ್ತೇನೆ. ನೆರೆಮನೆಯ ಹುಡುಗಿಯು ಸಂಜೆ ಬಂದು ನಲ್ಲಿಯನ್ನು ತಿರುಗಿಸಿ ಮಲ್ಲಿಗೆಗೆ ನೀರು ಬಿಡುತ್ತಾಳೆ. ನನ್ನ ವಿಚಾರದಲ್ಲಿ ತಪ್ಪಿದ್ದರೆ ತಿಳಿದವರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.