ಗಾಜಿನೊಳಗಿನ ಮಿಂಚು

ಒಂದು ಸಂಗತಿಯ ಕಾರಣ ತಿಳಿದ ಮೇಲೆ ಅದು ಅಲ್ಲಾಹನ ದೃಷ್ಟಾಂತವಾಗಿ ಉಳಿಯುವುದಿಲ್ಲವೇ? ಎಂಟು ವರ್ಷದ ನನ್ನ ಮಗಳು ಹೀಗೆ ಕೇಳಿದಾಗ ನಾನು ಗದರಿಬಿಟ್ಟೆ. ತಪ್ಪು ನನ್ನದೇ.

ಈದುಲ್ ಫಿತ್ರ್‌ಗೆ ಅವಳ ಮಾವ ಪ್ಲಾಸ್ಮಾ ಗೋಳವೊಂದನ್ನು ಉಡುಗೊರೆ ತಂದಿದ್ದರು. ಗಾಜಿನ ಗೋಳದೊಳಗೆ ನಿಯಾನ್, ಆರ್ಗಾನ್‌ನಂತಹ ಅನಿಲ. ನಡುವೆ ಸಾವಿರಾರು ವೋಲ್ಟ್‌ಗಳ ವಿದ್ಯುತ್ತು. ಅನಿಲದ ಕಣಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟು ನೇರಳೆ ಬಣ್ಣದ ಎಳೆಗಳು ಹೊಳೆಯುತ್ತವೆ. ಗಾಜಿನ ಮೇಲೆ ಬೆರಳಿಟ್ಟರೆ ಎಳೆಯೊಂದು ಅಲ್ಲಿಗೇ ಬರುತ್ತದೆ. ಏಕೆಂದರೆ ನಮ್ಮ ದೇಹ ವಿದ್ಯುತ್ತಿಗೆ ಸುಲಭದ ದಾರಿ. ನಿಕೋಲಾ ಟೆಸ್ಲಾ 1894ರಲ್ಲೇ ಇಂತಹ ದೀಪಕ್ಕೆ ಪೇಟೆಂಟ್ ಪಡೆದಿದ್ದರು. ಇದನ್ನೆಲ್ಲ ಅವಳಿಗೆ ವಿವರಿಸಿದವನು ನಾನೇ.

ಕೆಲವು ದಿನಗಳಲ್ಲಿ ನಮ್ಮ ಹೆಗ್ಗದ್ದೆಯಲ್ಲಿ ಗುಡುಗು ಮಳೆ ಬಂತು. ಕರೆಂಟು ಹೋಗಿ ಗೋಳ ಆರಿತು. ಮಗಳು ಅಂಗಳಕ್ಕೆ ಓಡಿ, ಕಾಫಿ ತೋಟದ ಮೇಲೆ ಹೊಳೆಯುತ್ತಿದ್ದ ಮಿಂಚಿಗೆ ಬೆರಳು ಚಾಚಿ ನಿಂತಳು! ಒಳಗೆ ಎಳೆದು ತಂದರೆ, "ಅಬ್ಬಾ, ಅದೂ ಬರೀ ಕರೆಂಟಲ್ವಾ? ಮತ್ತೆ ದೃಷ್ಟಾಂತ ಅಂತ ಯಾಕೆ ಹೇಳ್ತೀರಿ?" ಎಂದಳು. "ಹಾಗೆಲ್ಲ ಕೇಳಬಾರದು" ಎಂದು ಬಾಯಿ ಮುಚ್ಚಿಸಿದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪವಿತ್ರ ಕುರ್‌ಆನಿನ 13ನೇ ಅಧ್ಯಾಯದ ಹೆಸರೇ 'ಗುಡುಗು'. ಮಿಂಚು ಭಯವನ್ನೂ ನಿರೀಕ್ಷೆಯನ್ನೂ ಹುಟ್ಟಿಸುತ್ತದೆಂದು ಅಲ್ಲಿದೆ. ಅದಕ್ಕೆ ಕಾರಣವೇ ಇಲ್ಲವೆಂದು ಇಲ್ಲ. ನಮ್ಮ ಅಜ್ಞಾನವೇ ಈಮಾನಿನ ಆಧಾರವಾಗಿದ್ದರೆ, ಮಕ್ಕಳು ಒಂದೊಂದು ಪಾಠ ಕಲಿತಂತೆಯೂ ಅದು ಕುಗ್ಗಬೇಕಾಗಿತ್ತು. ಆಟಿಕೆಯಲ್ಲೂ ಆಕಾಶದಲ್ಲೂ ಒಂದೇ ನಿಯಮ ನಡೆಯುತ್ತಿದೆ. ಆ ನಿಯಮವನ್ನು ಇಟ್ಟವನಾರು? ಟೆಸ್ಲಾ ಅದನ್ನು ಸೃಷ್ಟಿಸಲಿಲ್ಲ, ಅದನ್ನು ಅರಿತು ಬಳಸಿದರು.

ಅವಳನ್ನು ಅಪಾಯಕ್ಕೆ ತಳ್ಳಿದ್ದು ಜ್ಞಾನವಲ್ಲ, ನಾನು ಕೊಟ್ಟ ಅರೆಜ್ಞಾನ. ಮಿಂಚು ಹಾಯ್ದ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಸೂರ್ಯನ ಮೇಲ್ಮೈಗಿಂತ ಐದು ಪಟ್ಟು! ಇದನ್ನೂ ಹೇಳಿದ್ದರೆ ಅವಳು ಬೆರಳು ಚಾಚುತ್ತಿರಲಿಲ್ಲ. ಗಾಜಿನೊಳಗಿನದು ಬೆರಳಿನ ಮಾತು ಕೇಳುವಂತೆ ಕಂಡರೆ, ಎಲ್ಲವೂ ನಮ್ಮ ಅಧೀನವೆಂಬ ಭ್ರಮೆ ಹುಟ್ಟುತ್ತದೆ. ಈ ಭ್ರಮೆ ಮಕ್ಕಳಿಗೆ ಮಾತ್ರ ಬರುವುದೇ? ನಮ್ಮನ್ನೇ ಕೇಳಿಕೊಳ್ಳೋಣ.

ಬೆಳಿಗ್ಗೆ ಫಜ್ರ್ ನಮಾಝಿನ ಬಳಿಕ ಮಗಳನ್ನು ಬಳಿ ಕೂರಿಸಿಕೊಂಡು, ಗದರಿದ್ದು ತಪ್ಪಾಯಿತೆಂದೆ. ಗುಡುಗುವಾಗ ಅಂಗಳಕ್ಕಿಳಿಯಬೇಡ, ಸಿಲ್ವರ್ ಓಕ್ ಮರದಡಿ ನಿಲ್ಲಬೇಡ, ಆದರೆ ಕೇಳುವುದನ್ನು ಮಾತ್ರ ಬಿಡಬೇಡ ಎಂದೆ.

ಓದುಗರೇ, ಮಕ್ಕಳಂತೆ ಅವರ ಪ್ರಶ್ನೆಗಳೂ ನಮ್ಮ ಕೈಗೆ ಒಪ್ಪಿಸಲಾದ ಅಮಾನತ್ತು. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳೋಣ. ಗದರಿ ಅವರ ಬಾಯಿ ಮುಚ್ಚಿಸದಿರೋಣ.